₹550ರ ಬೊಕ್ಕೆ, ಅವ್ವನ ಕೈಯಿಂದ

ನಮ್ಮ ಕಡೆ ಮದುವೆ ಅಂದರೆ ಹೂವಿಗೇನೂ ಬರ ಇಲ್ಲ. ಹಂದರಕ್ಕೆ ಚೆಂಡುಹೂವು, ಕೊರಳಿಗೆ ಮಾಲೆ, ಹಣೆಗೆ ದಂಡಿ, ತುರುಬಿಗೆ ಮಲ್ಲಿಗೆ. ಕೈಗೆ ಮಾತ್ರ ಹೂವು ಇರಲಿಲ್ಲ. ಈಗ ಕೆಲವು ವರ್ಷಗಳಿಂದ ರೋಣ, ನರಗುಂದ, ಗಜೇಂದ್ರಗಡದ ಕಲ್ಯಾಣ ಮಂಟಪಗಳಲ್ಲೂ ರಿಸೆಪ್ಷನ್ ಹೊತ್ತಿಗೆ ಮದುಮಗಳ ಕೈಯಲ್ಲಿ ಬೊಕ್ಕೆ ಕಾಣಿಸುತ್ತಿದೆ. ಫೋಟೋ ತೆಗೆಯುವವರು ಮೊದಲು ಕೇಳುವುದೇ ಅದನ್ನು. ಎರಡು ತಾಸು ಸ್ಟೇಜ್ ಮೇಲೆ ನಿಂತಾಗ ಕೈ ಎಲ್ಲಿಡಬೇಕು ಅಂತ ತಿಳಿಯದ ಮದುಮಗಳಿಗೆ ಅದೊಂದು ಆಸರೆ ಅನ್ನುವುದೂ ಖರೆ.

ಹೋದ ಕಾರ್ತಿಕದಲ್ಲಿ, ತುಳಸಿ ಲಗ್ನ ಮುಗಿದ ಮೇಲೆ ನನ್ನ ಮದುವೆ ಆಯಿತು. ನಮ್ಮದು ರೋಣ, ಅವರದು ನರಗುಂದ. ನಾನು ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತಿದ್ದೇನೆ. ಅಪ್ಪ ತೀರಿಕೊಂಡು ನಾಲ್ಕು ವರ್ಷ. ಮದುವೆಯ ಖರ್ಚು ನಾನು ಮತ್ತು ಅವ್ವ ಇಬ್ಬರೇ ಹೊರಬೇಕಿತ್ತು. ಹೀಗಾಗಿ ಎಲ್ಲವನ್ನೂ ಎಕ್ಸೆಲ್‌ನಲ್ಲಿ ಬರೆದಿಟ್ಟಿದ್ದೆ. ಮಂಟಪ, ಅಡುಗೆ, ಸೀರೆ, ಬಸ್ಸು ಎಲ್ಲಾ ಆದ ಮೇಲೆ ಕೊನೆಯ ಸಾಲಿನಲ್ಲಿ 'ಬೊಕ್ಕೆ' ಅಂತ ಇತ್ತು, ಮುಂದಿನ ಖಾನೆ ಖಾಲಿ.

ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಕೇಳಿದೆ. ಲಿಲ್ಲಿ, ಆರ್ಕಿಡ್ ಹಾಕಿ ಮಾಡಿಕೊಟ್ಟರೆ ₹4,500, ತಂದು ಮುಟ್ಟಿಸುವ ಖರ್ಚು ಬೇರೆ ಅಂದರು. ಅವ್ವನಿಗೆ ಹೇಳಿದಾಗ ಬೈಯಲಿಲ್ಲ, ಲೆಕ್ಕ ಹಾಕಿದಳು. "ಅಷ್ಟ ರೊಕ್ಕದಾಗ ಹಂದರದ ದಿನದ ಕಾಯಿಪಲ್ಲೆ ಪೂರಾ ಬರ್ತೈತಲ್ಲ ಯವ್ವಾ. ಹೂವ ಬ್ಯಾಡ ಅನ್ನಂಗಿಲ್ಲ ನಾ. ಇಲ್ಲೇ ಸಿಗೂ ಹೂವಿಗೆ ಏನಾಗೈತಿ?"

ಆ ಪ್ರಶ್ನೆಯಿಂದಲೇ ನಮ್ಮ ಹುಡುಕಾಟ ಶುರುವಾಯಿತು.

ಮಳೆಗಾಲ ಮುಗಿದು ಚಳಿ ಹಿಡಿಯುವ ಹೊತ್ತಿನಲ್ಲಿ ನಮ್ಮ ಭಾಗದಲ್ಲಿ ಏನು ಅರಳುತ್ತದೆ ನೋಡಿ. ಮಲ್ಲಿಗೆ ಬೇಸಿಗೆಯ ಹೂವು. ಜಿಐ ಮಾನ್ಯತೆ ಪಡೆದ ಹಡಗಲಿ ಮಲ್ಲಿಗೆ ನಮಗೆ ದೂರವೇನಲ್ಲ, ಆದರೆ ಚಳಿ ಬಿದ್ದ ಮೇಲೆ ಅದು ಕಡಿಮೆ, ರೇಟು ಮಾತ್ರ ಮೇಲೆ. ಸೇವಂತಿಗೆಯದು ಇದಕ್ಕೆ ತದ್ವಿರುದ್ಧ. ಹಗಲು ಸಣ್ಣದಾಗಿ ರಾತ್ರಿ ಉದ್ದವಾದಾಗಲೇ ಆ ಗಿಡ ಮೊಗ್ಗು ಹಿಡಿಯುತ್ತದೆ. ಅದಕ್ಕೇ ದಸರೆಯಿಂದ ಮುಂದೆ ಅದರ ರಾಜ್ಯಭಾರ. ಬೇರೆ ಕಾಲದಲ್ಲಿ ಹೂವು ಬೇಕಾದವರು ಗಿಡಗಳ ಮೇಲೆ ರಾತ್ರಿ ಬಲ್ಬು ಉರಿಸಿಯೋ, ಕರಿ ಬಟ್ಟೆ ಹೊದಿಸಿಯೋ ಅದನ್ನು ಯಾಮಾರಿಸಬೇಕು. ನವೆಂಬರಿನಲ್ಲಿ ಆ ಕಸರತ್ತು ಯಾಕೆ ಬೇಕು? ಕಾಲಕ್ಕೆ ತಕ್ಕ ಹೂವು ಆರಿಸಿಕೊಂಡರೆ ಅರ್ಧ ಖರ್ಚು ಅಲ್ಲೇ ಉಳಿಯುತ್ತದೆ.

ಇನ್ನೊಂದು ಮಾತು, ತಾರೀಖಿನದು. ಗಣೇಶನ ಹಬ್ಬ, ದಸರಾ, ದೀಪಾವಳಿಗೆ ಹೂವಿನ ರೇಟು ಏರುತ್ತದೆ, ಹಬ್ಬ ದಾಟಿದ ಕೂಡಲೇ ಇಳಿಯುತ್ತದೆ. ತುಳಸಿ ಲಗ್ನ ಮುಗಿದು ಮುಹೂರ್ತಗಳು ಸಾಲಾಗಿ ಬಂದಾಗ ಮತ್ತೆ ಏರುತ್ತದೆ. ನಿಮ್ಮ ಮದುವೆ ದಟ್ಟ ಮುಹೂರ್ತದ ದಿನವೇ ಇದ್ದರೆ ಹೂವಿನವರಿಗೆ ವಾರದ ಮೊದಲೇ ಹೇಳಿ, ಸ್ವಲ್ಪ ಮುಂಗಡ ಕೊಟ್ಟುಬಿಡುವುದು ಒಳ್ಳೆಯದು.

ಸಂತೆಯಲ್ಲಿ ಸೇವಂತಿಗೆ ಬೇಕಾದಷ್ಟಿತ್ತು. ಆದರೆ ನಮ್ಮಲ್ಲಿ ಮಾರುವುದು ಬಿಡಿ ಹೂವು, ಕೆ.ಜಿ. ಲೆಕ್ಕ. ಇಲ್ಲವೇ ಕಟ್ಟಿದ ಮಾಲೆ. ಬೊಕ್ಕೆಗೆ ಬೇಕಾದದ್ದು ಉದ್ದ ಕಡ್ಡಿ ಇರುವ ಹೂವು. ಅದಕ್ಕಾಗಿ ಹೊಲಕ್ಕೇ ಹೋಗಬೇಕಾಯಿತು. ಗಜೇಂದ್ರಗಡದ ದಾರಿಯಲ್ಲಿ ಬೋರ್‌ವೆಲ್ ನೀರಿನ ಮೇಲೆ ಸೇವಂತಿಗೆ ಹಾಕಿದ್ದ ಒಬ್ಬ ಹಿರಿಯರನ್ನು ಕೇಳಿದೆವು. ಅವರು ತಲೆ ಕೆರೆದುಕೊಂಡರು. "ಹೂವ ಕೊಯ್ಕೊಂಡ ಹೋಗ್ರಿ. ಟೊಂಗಿ ಕೊಯ್ದ್ರ ಅದರಾಗಿನ ಸಣ್ಣ ಮೊಗ್ಗೆಲ್ಲಾ ಹೋಗ್ತಾವ್ರಿ. ಅವು ಮುಂದಿನ ವಾರದ ಬೆಳಿ."

ಅವರು ಹೇಳಿದ್ದು ನ್ಯಾಯವೇ. ಒಂದು ಕಡ್ಡಿ ಅಂದರೆ ಒಂದೇ ಹೂವಲ್ಲ, ಇನ್ನೂ ಅರಳದ ಐದಾರು ಹೂವು. ಅವ್ವನೇ ಮಾತಾಡಿ ಕಡ್ಡಿಗೆ ₹8ರಂತೆ ಒಪ್ಪಿಸಿದಳು. ಅವರಿಗೂ ಹಾನಿ ಇಲ್ಲ, ನಮಗೂ ಭಾರ ಇಲ್ಲ. ಆಮೇಲೆ ಖುಷಿಯಾಗಿ ನಾಲ್ಕು ಚೆಂಡುಹೂವಿನ ಟೊಂಗಿ ಮೇಲೆ ಹಾಕಿಕೊಟ್ಟರು.

ಲೆಕ್ಕ ಬೇಕಾದವರಿಗೆ ಇಲ್ಲಿ ಬರೆಯುತ್ತೇನೆ. ಹಳದಿ, ಬಿಳಿ ಸೇವಂತಿಗೆ 25 ಕಡ್ಡಿ, ₹200. ಸುಗಂಧರಾಜ 10 ಕಡ್ಡಿ, ₹100. ಕೆಂಪು ಗುಲಾಬಿ ಆರು, ₹90. ದವನ, ಮರುಗ ಸೇರಿ ₹30. ದಾರ, ರಬ್ಬರ್, ಗುಂಡುಸೂಜಿಗೆ ₹20. ಒಟ್ಟು ₹440. ವಾರದ ಮೊದಲು ಒಂದು ಸಣ್ಣ ಬೊಕ್ಕೆ ಕಟ್ಟಿ ಪರೀಕ್ಷೆ ಮಾಡಿದ್ದೆವು, ಅದಕ್ಕೆ ₹110. ಎಲ್ಲಾ ಸೇರಿ ₹550, ಗಾಡಿಯ ಪೆಟ್ರೋಲ್ ಬಿಟ್ಟು.

ಆ ಪರೀಕ್ಷೆ ಬಹಳ ಉಪಯೋಗಕ್ಕೆ ಬಂತು. ಬಿಸಿಲು ಇಳಿದ ಮೇಲೆ ಕೊಯ್ದ ಕಡ್ಡಿಗಳನ್ನು ತಂದ ಕೂಡಲೇ ಓರೆಯಾಗಿ ಮತ್ತೊಮ್ಮೆ ಕತ್ತರಿಸಿ, ಕೆಳಗಿನ ಎಲೆ ತೆಗೆದು, ರಾತ್ರಿಯಿಡೀ ಬಕೆಟ್ ನೀರಿನಲ್ಲಿ ನಿಲ್ಲಿಸಿದರೆ ಮರುದಿನ ಪೂರ್ತಿ ಬಾಡುವುದಿಲ್ಲ. ನೀರಿನಲ್ಲಿ ಎಲೆ ಮುಳುಗಿದರೆ ಕೊಳೆತು ನೀರು ಕೆಡುತ್ತದೆ. ಬಾಳೆಹಣ್ಣಿನ ಗೊನೆ ಇಟ್ಟ ಕೋಣೆಯಲ್ಲಿ ಹೂವು ಇಡಬೇಡಿ. ಹಣ್ಣಾಗುವಾಗ ಹೊರಬರುವ ಎಥಿಲೀನ್ ಅನಿಲ ಹೂವನ್ನು ಬೇಗ ಮುದಿ ಮಾಡುತ್ತದೆ. ಮದುವೆ ಮನೆಯಲ್ಲಿ ಗೊನೆ ಇಲ್ಲದ ಕೋಣೆ ಹುಡುಕುವುದೇ ದೊಡ್ಡ ಕೆಲಸ! ನಮಗೆ ಸಿಕ್ಕಿದ್ದು ಹಿತ್ತಲ ಬಚ್ಚಲು. ಕಟ್ಟುವಾಗ ಒಂದೊಂದೇ ಕಡ್ಡಿಯನ್ನು ಒಂದೇ ಕಡೆಗೆ ಓರೆಯಾಗಿ ಇಡುತ್ತಾ ಕೈಯಲ್ಲಿ ತಿರುಗಿಸುತ್ತಾ ಹೋದರೆ ಹೂವು ತಾನೇ ದುಂಡಗೆ ಕೂಡುತ್ತದೆ. ಹಸಿರು ಫೋಮ್ ಬೇಕಾಗಲೇ ಇಲ್ಲ. ಅದು ಪ್ಲಾಸ್ಟಿಕ್ಕೇ, ಮಣ್ಣಿನಲ್ಲಿ ಕರಗುವುದಿಲ್ಲ.

ಇಷ್ಟರವರೆಗೆ ಹೇಳಿದ್ದು ರೊಕ್ಕದ ಮಾತು. ಇದನ್ನು ಬರೆಯಲು ಕೂತದ್ದು ಇನ್ನೊಂದು ಮಾತಿಗಾಗಿ.

ಅಪ್ಪ ಹೋದಾಗಿನಿಂದ ಅವ್ವ ಹೂವು ಮುಡಿದಿಲ್ಲ. ಯಾರೂ ಎದುರಿಗೆ ಬಂದು ಬೇಡ ಅಂದಿಲ್ಲ. ಆದರೆ ನಮ್ಮ ಓಣಿಯಲ್ಲಿ ಕುಂಕುಮ ಹಚ್ಚುತ್ತಾ ಬರುವ ಬಟ್ಟಲು ಅವಳ ಮುಂದೆ ಬಂದಾಗ ಬೇಗ ಮುಂದಿನವರ ಕಡೆ ಹೋಗುತ್ತದೆ. ನನ್ನ ಮದುವೆಯಲ್ಲೂ ಅರಿಷಿಣ ಹಚ್ಚುವವರು, ಸುರಗಿ ಸುತ್ತುವವರು, ದಂಡಿ ಕಟ್ಟುವವರು ಎಲ್ಲರೂ ಮುತ್ತೈದೆಯರು. ನಾನು ಜಗಳಕ್ಕೆ ತಯಾರಾಗಿದ್ದೆ. ಅವ್ವನೇ ತಡೆದಳು. "ಹತ್ತ ಮಂದಿ ಬಾಯಿಗೆ ಬೀಳೂದು ಬ್ಯಾಡ. ನಿನ್ನ ಸಂಸಾರ ಚಲೋ ಆಗ್ಲಿ, ನನಗಷ್ಟ ಸಾಕು." ಆಕೆಯ ಆ ಹೆದರಿಕೆಯನ್ನು ಒಂದು ದಿನದ ವಾದದಿಂದ ತೆಗೆಯಲು ಆಗುವುದಿಲ್ಲ ಅಂತ ನನಗೂ ಗೊತ್ತಿತ್ತು.

ಆದರೆ ಬೊಕ್ಕೆಗೆ ಶಾಸ್ತ್ರ ಇಲ್ಲ. ಯಾರು ಕಟ್ಟಬೇಕು, ಯಾರು ಕೊಡಬೇಕು ಅಂತ ಯಾವ ಹಿರಿಯರೂ ಹೇಳಿಲ್ಲ, ಯಾಕೆಂದರೆ ಅವರ ಕಾಲದಲ್ಲಿ ಅದು ಇರಲೇ ಇಲ್ಲ. ಅದಕ್ಕೇ ನಾನು ಅವ್ವನಿಗೆ ಹೇಳಿದೆ, "ಬೊಕ್ಕೆ ನೀನ ಕಟ್ಟಬೇಕು ಬೇ. ಸ್ಟೇಜ್ ಮ್ಯಾಲೆ ಬಂದು ನೀನ ನನ್ನ ಕೈಯಾಗ ಕೊಡಬೇಕು." ಅವ್ವ ದೊಡ್ಡವ್ವನ ಮುಖ ನೋಡಿದಳು. ದೊಡ್ಡವ್ವ ಪದ್ಧತಿಯ ವಿಷಯದಲ್ಲಿ ಬಲು ಕಟ್ಟುನಿಟ್ಟು. ಸ್ವಲ್ಪ ಹೊತ್ತು ಯೋಚನೆ ಮಾಡಿ ಅಂದಳು, "ಅದೇನ ಮುಡಿಯೂ ಹೂವ ಅಲ್ಲಲ್ಲ. ಹಿಡಿಯೂದು. ಕೊಡ್ಲಿ ಬಿಡು."

ಮುಡಿಯುವ ಹೂವಲ್ಲ, ಹಿಡಿಯುವ ಹೂವು. ಅಷ್ಟು ಸಣ್ಣ ಸಂದಿ ಸಾಕಾಯಿತು.

ಮದುವೆಯ ದಿನ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ಅವ್ವ ಬಚ್ಚಲಿನಲ್ಲಿ ಮಣೆ ಹಾಕಿಕೊಂಡು ಬೊಕ್ಕೆ ಕಟ್ಟಿದಳು. ನಾಲ್ಕು ವರ್ಷದಿಂದ ಹೂವು ಕಟ್ಟದ ಬೆರಳು, ಆದರೆ ಒಂದು ಗಂಟೂ ಸಡಿಲ ಆಗಲಿಲ್ಲ. ಹಿಡಿಕೆಗೆ ಅಂಗಡಿಯ ಸ್ಯಾಟಿನ್ ರಿಬ್ಬನ್ ಸುತ್ತಲಿಲ್ಲ. ಟ್ರಂಕಿನಲ್ಲಿ ಒಂದು ಹಳೆಯ ಪಟ್ಟೇದಂಚು ಸೀರೆ ಇತ್ತು, ಗಜೇಂದ್ರಗಡದ ಕಡೆಯ ಕೈಮಗ್ಗದ್ದು, ಚೌಕಳಿ ಮೈ, ಕೆಂಪು ಅಂಚು. ಅಪ್ಪ ಕೊಡಿಸಿದ್ದು. ಮೈ ಜಾಳಾಗಿ ಹರಿದಿತ್ತು, ಅಂಚು ಗಟ್ಟಿಯಾಗಿತ್ತು. ಅದರಿಂದ ಒಂದು ಗೇಣು ಕತ್ತರಿಸಿ ಸುತ್ತಿದಳು. ಹತ್ತಿ ಬಟ್ಟೆ ಆದ್ದರಿಂದ ಕಡ್ಡಿಯ ನೀರನ್ನೂ ಹೀರಿಕೊಂಡಿತು, ನನ್ನ ರೇಷ್ಮೆ ಸೀರೆಗೆ ಕಲೆ ಆಗಲಿಲ್ಲ.

ಸಂಜೆ ಅವ್ವ ಸ್ಟೇಜ್ ಮೆಟ್ಟಿಲು ಹತ್ತಿ ಬಂದಳು. ಅವಳ ಮೈಯಿಂದ ಸುಗಂಧರಾಜದ ವಾಸನೆ ಬರುತ್ತಿತ್ತು. ಬೊಕ್ಕೆ ನನ್ನ ಕೈಗೆ ಕೊಟ್ಟು ಇಳಿಯಲು ಹೊರಟವಳನ್ನು ನರಗುಂದದ ನಮ್ಮ ಅತ್ತಿಯವರೇ ಕೈ ಹಿಡಿದು ನಿಲ್ಲಿಸಿ, "ಬೀಗರ, ಎಲ್ಲಿಗ್ರಿ? ಫೋಟೋಕ್ಕ ನಿಂದರ್ರಿ" ಅಂದರು. ಆ ಫೋಟೋದಲ್ಲಿ ಅವ್ವ ನಡುವೆ ನಿಂತಿದ್ದಾಳೆ.

ಇದರಿಂದ ಊರು ಬದಲಾಯಿತು ಅಂತ ನಾನು ಹೇಳುವುದಿಲ್ಲ. ಮರುವಾರ ಯಾರದೋ ಸೀಮಂತದಲ್ಲಿ ಕುಂಕುಮದ ಬಟ್ಟಲು ಮತ್ತೆ ಅವಳನ್ನು ದಾಟಿಯೇ ಹೋಯಿತಂತೆ. ಆದರೆ ಈ ಮಾಘದಲ್ಲಿ ನಮ್ಮ ಓಣಿಯ ಒಬ್ಬ ಹುಡುಗಿಯ ಮದುವೆ ಇದೆ. ಆಕೆಯ ತಾಯಿ ಮೊನ್ನೆ ಮನೆಗೆ ಬಂದು, ಬೊಕ್ಕೆ ನೀವೇ ಕಟ್ಟಿಕೊಡಬೇಕು, ಹಿಂದಿನ ದಿನವೇ ಬಂದು ಇರಬೇಕು ಅಂತ ಹೇಳಿ ಹೋಗಿದ್ದಾರೆ. ಅವ್ವ ನನಗೆ ಫೋನ್ ಮಾಡಿ ಕೇಳಿದ್ದು ಒಂದೇ ಮಾತು: "ಮಾಘದಾಗ ಯಾವ ಹೂವ ಸಸ್ತಾ ಇರ್ತೈತಿ, ಸ್ವಲ್ಪ ನೋಡಿ ಹೇಳ."