ಪುಸ್ತಕದಲ್ಲಿ 3, ಪರದೆಯ ಮೇಲೆ 3.5

ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡ ನಮ್ಮಲ್ಲಿ ಹೆಚ್ಚಿನವರು ಪ್ರೋಗ್ರಾಮಿಂಗ್ ಕಲಿಯುವುದು ಉದಾಹರಣೆ ನೋಡಿಯೇ. ವಿವರಣೆಯ ಮೇಲೆ ಕಣ್ಣಾಡಿಸಿ, ನೇರವಾಗಿ ಅದರ ಕೆಳಗಿನ ನಾಲ್ಕು ಸಾಲಿನ ಪ್ರೋಗ್ರಾಂಗೆ ಇಳಿಯುತ್ತೇವೆ. ಟೈಪ್ ಮಾಡಿ, ರನ್ ಮಾಡಿ, ಪುಸ್ತಕದಲ್ಲಿರುವ ಔಟ್‌ಪುಟ್ ಬಂದರೆ ಅರ್ಥವಾಯಿತು ಎನ್ನುತ್ತೇವೆ. ಬರದಿದ್ದರೆ? ಆಗ ನಾವು ಅನುಮಾನಿಸುವುದು ಪುಸ್ತಕವನ್ನಲ್ಲ, ನಮ್ಮನ್ನೇ.

ನನ್ನ ಚಿಕ್ಕಮ್ಮನ ಮಗಳು ಈ ವರ್ಷ ಪ್ರಥಮ ಪಿಯುಸಿಗೆ ಸೇರಿದಳು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಮನೆಯಲ್ಲಿ ಕಂಪ್ಯೂಟರ್ ಬಗ್ಗೆ ಕೇಳೋಣವೆಂದರೆ ಯಾರೂ ಇಲ್ಲ. ಹಳೆಯ ಪುಸ್ತಕದಂಗಡಿಯಲ್ಲಿ ಕೊಂಡ ಒಂದು ಪೈಥಾನ್ ಪುಸ್ತಕವೇ ಅವಳಿಗೆ ಮೇಷ್ಟ್ರು. ಅದರಲ್ಲಿ 7 / 2 ಕೊಟ್ಟರೆ ಉತ್ತರ 3 ಎಂದಿತ್ತು. ಲ್ಯಾಬ್‌ನಲ್ಲಿ ಅವಳಿಗೆ ಬಂದದ್ದು 3.5. ಮೂರು ಸಲ ಟೈಪ್ ಮಾಡಿದರೂ ಅದೇ. ಕೊನೆಗೆ ತನ್ನ ರಫ್ ಪುಸ್ತಕದಲ್ಲಿ 3.5 ಅನ್ನು ಹೊಡೆದುಹಾಕಿ 3 ಎಂದು ಬರೆದುಕೊಂಡಿದ್ದಳು. “ಆಪಾ, ಈ ಸಬ್ಜೆಕ್ಟ್ ನನ್ನ ತಲೆಗೆ ಹತ್ತೋದಿಲ್ಲ” ಎಂದು ಅವಳು ಹೇಳಿದಾಗ ನನಗೆ ನಿಜಕ್ಕೂ ಸಂಕಟವಾಯಿತು. ಏಕೆಂದರೆ ಅವಳು ಹೊಡೆದುಹಾಕಿದ್ದೇ ಸರಿಯಾದ ಉತ್ತರವಾಗಿತ್ತು.

ಹಾಗೆಂದು ಪುಸ್ತಕ ಬರೆದವರು ಸುಳ್ಳು ಬರೆದಿರಲಿಲ್ಲ. ಅದು ಪೈಥಾನ್ 2ರ ಕಾಲದ ಪುಸ್ತಕ. ಆಗ ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ಉತ್ತರವೂ ಪೂರ್ಣಾಂಕವೇ ಬರುತ್ತಿತ್ತು. 2008ರ ಡಿಸೆಂಬರ್‌ನಲ್ಲಿ ಬಂದ ಪೈಥಾನ್ 3.0 ಈ ನಿಯಮವನ್ನು ಬದಲಿಸಿತು. ಈಗ 3 ಬೇಕೆಂದರೆ ಎರಡು ಗೆರೆ ಹಾಕಿ 7 // 2 ಎಂದು ಬರೆಯಬೇಕು. 2020ರ ಜನವರಿ 1ಕ್ಕೆ ಪೈಥಾನ್ 2ರ ಬೆಂಬಲವೇ ನಿಂತುಹೋಯಿತು. ಭಾಷೆ ಮುಂದಕ್ಕೆ ಹೋಯಿತು, ಪುಟ ಅಲ್ಲೇ ಉಳಿಯಿತು. ನಮ್ಮ ಅಣ್ಣಂದಿರ ಕಾಲದ ಸಿ++ ರೆಕಾರ್ಡ್ ಪುಸ್ತಕ ತೆಗೆದು ನೋಡಿದರೂ ಇದೇ ಕಥೆ. ಟರ್ಬೊ ಸಿ++ನಲ್ಲಿ ಸಲೀಸಾಗಿ ಓಡುತ್ತಿದ್ದ ಪ್ರೋಗ್ರಾಂಗಳು ಇವತ್ತಿನ ಕಂಪೈಲರ್‌ನಲ್ಲಿ ಮೊದಲನೇ ಸಾಲಿನಲ್ಲೇ ನಿಲ್ಲುತ್ತವೆ, ಆ ಹೆಸರಿನ ಹೆಡರ್ ಫೈಲ್ ಅದರಲ್ಲಿ ಇಲ್ಲವೇ ಇಲ್ಲ.

ಅಚ್ಚಾದ ಪುಸ್ತಕ ತನ್ನನ್ನು ತಾನು ತಿದ್ದಿಕೊಳ್ಳಲಾರದು. ಆದರೆ ಸಾಫ್ಟ್‌ವೇರ್ ಜೊತೆಗೆ ಬರುವ ಡಾಕ್ಯುಮೆಂಟೇಶನ್, ಅಂದರೆ ಅದನ್ನು ಹೇಗೆ ಬಳಸಬೇಕೆಂದು ಹೇಳುವ ಬರಹ, ಕಂಪ್ಯೂಟರ್‌ನಲ್ಲೇ ಇರುತ್ತದೆ. ಹಾಗಿದ್ದರೆ ಅದರೊಳಗಿನ ಉದಾಹರಣೆಗಳನ್ನು ಕಂಪ್ಯೂಟರೇ ಪರೀಕ್ಷಿಸಬಾರದೇಕೆ? ಈ ಪ್ರಶ್ನೆಗೆ ಟಿಮ್ ಪೀಟರ್ಸ್ ಎಂಬ ಪ್ರೋಗ್ರಾಮರ್ ಕೊಟ್ಟ ಉತ್ತರದ ಹೆಸರು ಡಾಕ್‌ಟೆಸ್ಟ್. 2001ರ ಏಪ್ರಿಲ್‌ನಲ್ಲಿ ಬಂದ ಪೈಥಾನ್ 2.1ರಿಂದ ಇದು ಪೈಥಾನ್ ಜೊತೆಗೇ ಸಿಗುತ್ತದೆ. ಬೇರೆ ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ.

ಅದು ಕೆಲಸ ಮಾಡುವ ರೀತಿ ಬಹಳ ಸರಳ. ಬರಹದಲ್ಲಿ ಮೂರು ಬಾಣದ ಗುರುತಿನಿಂದ ಶುರುವಾಗುವ ಸಾಲುಗಳನ್ನು ಅದು ಹುಡುಕುತ್ತದೆ. ಆ ಸಾಲನ್ನು ನಿಜವಾಗಿ ರನ್ ಮಾಡುತ್ತದೆ. ಬಂದ ಔಟ್‌ಪುಟ್ಟನ್ನು ಕೆಳಗೆ ಬರೆದಿರುವುದರ ಜೊತೆ ಅಕ್ಷರಕ್ಕೆ ಅಕ್ಷರ ಹೋಲಿಸುತ್ತದೆ. ನನ್ನ ತಂಗಿಯ ಪುಸ್ತಕದ ಸಾಲನ್ನೇ ತೆಗೆದುಕೊಳ್ಳಿ:

>>> 7 / 2
3

ಇದನ್ನು ಇವತ್ತು ಡಾಕ್‌ಟೆಸ್ಟ್‌ಗೆ ಕೊಟ್ಟರೆ, ಯಾವ ಸಾಲು ಎಂದು ತೋರಿಸಿ, ನಿರೀಕ್ಷಿಸಿದ್ದು 3, ಬಂದದ್ದು 3.5 ಎಂದು ವರದಿ ಕೊಡುತ್ತದೆ. ಎಲ್ಲ ಸರಿಯಿದ್ದರೆ ಏನನ್ನೂ ಹೇಳುವುದಿಲ್ಲ, ಸುಮ್ಮನಿರುತ್ತದೆ. ಉದಾಹರಣೆಯನ್ನು ಮನಸ್ಸಿನಲ್ಲೇ ಲೆಕ್ಕ ಹಾಕಿ ಬರೆಯುವವರಿಗೂ ಇದು ಒಳ್ಳೆಯ ಪಾಠ. 0.1 + 0.2 ಎಷ್ಟು ಎಂದರೆ ನಾವೆಲ್ಲ 0.3 ಎನ್ನುತ್ತೇವೆ. ಪೈಥಾನ್ ಕೊಡುವುದು 0.30000000000000004. ದಶಮಾಂಶ ಸಂಖ್ಯೆಗಳನ್ನು ಕಂಪ್ಯೂಟರ್ ಎರಡರ ಆಧಾರದ ಪದ್ಧತಿಯಲ್ಲಿ ಇಟ್ಟುಕೊಳ್ಳುವುದರಿಂದ ಹೀಗಾಗುತ್ತದೆ. ರನ್ ಮಾಡದೆ ಬರೆದವರಿಗೆ ಇದು ಗೊತ್ತೇ ಆಗುವುದಿಲ್ಲ.

ಪೈಥಾನ್ ಮಾತ್ರವಲ್ಲ, ರಸ್ಟ್ ಭಾಷೆಯಲ್ಲಿ ಡಾಕ್ಯುಮೆಂಟೇಶನ್ ಕಮೆಂಟ್‌ನೊಳಗೆ ಬರೆದ ಉದಾಹರಣೆಗಳು ಉಳಿದ ಪರೀಕ್ಷೆಗಳ ಜೊತೆಗೇ ಕಂಪೈಲ್ ಆಗಿ ಓಡುತ್ತವೆ. ಗೋ ಭಾಷೆಯಲ್ಲಿ ಉದಾಹರಣೆಯನ್ನು ಫಂಕ್ಷನ್ ಆಗಿ ಬರೆದು, ಬರಬೇಕಾದ ಔಟ್‌ಪುಟ್ಟನ್ನು ಕಮೆಂಟ್‌ನಲ್ಲಿ ಹಾಕುತ್ತಾರೆ. ದೊಡ್ಡ ತಂಡಗಳಲ್ಲಿ ಯಾರಾದರೂ ಪ್ರೋಗ್ರಾಂನ ಒಂದು ಸಾಲು ಬದಲಿಸಿದರೂ ಸಾಕು, ಈ ಪರೀಕ್ಷೆಗಳು ತಾವಾಗಿಯೇ ನಡೆಯುವಂತೆ ವ್ಯವಸ್ಥೆ ಮಾಡಿರುತ್ತಾರೆ. ಹೀಗಾಗಿ ಪುಟ ಹಳತಾದ ಸುದ್ದಿ ಬರೆದವರಿಗೆ ಮೊದಲು ತಿಳಿಯುತ್ತದೆ, ಓದುವವರಿಗಲ್ಲ. ನನಗೆ ಇದರಲ್ಲಿ ಇಷ್ಟವಾದದ್ದು ಇದೇ.

ನಾವು ಕೆಲವು ಗೆಳತಿಯರು ಸೇರಿ ಪ್ರಥಮ ವರ್ಷದವರಿಗಾಗಿ ಪೈಥಾನ್ ಬಗ್ಗೆ ಕನ್ನಡದಲ್ಲಿ ಒಂದು ಚಿಕ್ಕ ನೋಟ್ಸ್ ಮಾಡುತ್ತಿದ್ದೇವೆ. ಅದನ್ನು ಮಾಮೂಲಿ ಟೆಕ್ಸ್ಟ್ ಫೈಲ್‌ನಲ್ಲೇ ಬರೆಯುತ್ತೇವೆ, ಏಕೆಂದರೆ ಡಾಕ್‌ಟೆಸ್ಟ್ ಅದನ್ನೂ ಓದಬಲ್ಲದು. ಒಮ್ಮೆ ಹಣ್ಣುಗಳ ಹೆಸರಿರುವ ಒಂದು ಸೆಟ್‌ನ ಉದಾಹರಣೆ ಕಾಲೇಜಿನಲ್ಲಿ ಪಾಸ್, ಮನೆಯಲ್ಲಿ ಫೇಲ್ ಆಯಿತು. ನೋಡಿದರೆ, ಸೆಟ್‌ನಲ್ಲಿ ಪದಗಳು ಬರುವ ಕ್ರಮಕ್ಕೆ ಪೈಥಾನ್ ಯಾವ ಭರವಸೆಯನ್ನೂ ಕೊಡುವುದಿಲ್ಲ. ಒಂದೊಂದು ಸಲ ರನ್ ಮಾಡಿದಾಗ ಒಂದೊಂದು ಕ್ರಮ. ಪದಗಳನ್ನು ಅಕಾರಾದಿಯಾಗಿ ಜೋಡಿಸಿ ಪ್ರಿಂಟ್ ಮಾಡುವಂತೆ ಬದಲಿಸಿದೆವು. ಆ ಒಂದು ಫೇಲ್‌ನಿಂದ ಸೆಟ್ ಬಗ್ಗೆ ಕಲಿತದ್ದು ನಮಗೆ ಇನ್ನು ಮರೆಯುವುದಿಲ್ಲ.

ಆದರೆ ಯಂತ್ರಕ್ಕೂ ಮಿತಿಯಿದೆ. ಉದಾಹರಣೆಯ ಮೇಲಿನ ವಿವರಣೆ ಸರಿಯೇ, ಹೊಸಬರಿಗೆ ಅರ್ಥವಾಗುತ್ತದೆಯೇ ಎಂದು ಡಾಕ್‌ಟೆಸ್ಟ್ ಹೇಳಲಾರದು. ಎರಡು ಉತ್ತರ ಬೇರೆ ಬೇರೆ ಎಂದಷ್ಟೇ ಹೇಳುತ್ತದೆ, ತಪ್ಪು ಯಾವುದು ಎಂದಲ್ಲ. ಕೆಲವೊಮ್ಮೆ ಬರಹ ಹಳತಾಗಿರುತ್ತದೆ. ಕೆಲವೊಮ್ಮೆ ಬರಹವೇ ಸರಿಯಿದ್ದು, ಯಾರೋ ಬದಲಿಸಿದ ಪ್ರೋಗ್ರಾಂ ಕೆಟ್ಟಿರುತ್ತದೆ. ಫೇಲ್ ಎಂದು ಬಂದ ಕೂಡಲೇ ಹೊಸ ಔಟ್‌ಪುಟ್ಟನ್ನು ಕಾಪಿ ಮಾಡಿ ಅಂಟಿಸಿಬಿಟ್ಟರೆ ಪರೀಕ್ಷೆ ಪಾಸಾಗುತ್ತದೆ, ತಪ್ಪು ಹಾಗೆಯೇ ಉಳಿಯುತ್ತದೆ. ಯಾಕೆ ಬದಲಾಯಿತು ಎಂದು ಕೇಳಿಕೊಳ್ಳುವ ಕೆಲಸ ಮನುಷ್ಯರದೇ.

ತಪ್ಪು ಉದಾಹರಣೆ ಎಲ್ಲರಿಗೂ ಒಂದೇ ಥರ ನೋವು ಕೊಡುವುದಿಲ್ಲ. ತಿಳಿದವರು ಓ, ಇದು ಹಳೆಯದು ಎಂದು ಮುಂದೆ ಹೋಗುತ್ತಾರೆ. ಪೆಟ್ಟು ಬೀಳುವುದು ಹೊಸದಾಗಿ ಕಲಿಯುವವರಿಗೆ, ಕೇಳಲು ಯಾರೂ ಇಲ್ಲದವರಿಗೆ. ಅವರು ಒಂದು ಸಾಲನ್ನಲ್ಲ, ಒಂದು ವಿಷಯವನ್ನೇ ಬಿಟ್ಟುಬಿಡಬಹುದು.

ಆದ್ದರಿಂದ ನನ್ನ ಸಹಪಾಠಿಗಳಲ್ಲಿ ಒಂದು ವಿನಂತಿ. ನೋಟ್ಸ್ ಬರೆದು ಜೆರಾಕ್ಸ್‌ಗೆ ಕೊಡುವ ಮುನ್ನ ಪ್ರತಿ ಉದಾಹರಣೆಯನ್ನೂ ರನ್ ಮಾಡಿ, ಯಾವ ಆವೃತ್ತಿಯಲ್ಲಿ ರನ್ ಮಾಡಿದ್ದೀರಿ ಎಂದು ಮೇಲೆ ಬರೆಯಿರಿ. ಪ್ರಥಮ ವರ್ಷದ ತಂಗಿಯರೇ, ತಮ್ಮಂದಿರೇ, ಪುಸ್ತಕಕ್ಕೂ ಪರದೆಗೂ ಹೊಂದದಿದ್ದರೆ ನಿಮ್ಮ ಉತ್ತರವನ್ನು ಹೊಡೆದುಹಾಕಬೇಡಿ. ಎರಡನ್ನೂ ಪಕ್ಕಪಕ್ಕದಲ್ಲಿ ಬರೆದುಕೊಂಡು ಲ್ಯಾಬ್‌ನಲ್ಲಿ ಸರ್ ಅಥವಾ ಮೇಡಂಗೆ ತೋರಿಸಿ. ಅವರು ಸಿಗದಿದ್ದರೆ ನಮ್ಮನ್ನು ಕೇಳಿ.