ಸೊನ್ನೆ ನಂಬರಿನ ಅಂಗಿ

2009ರ ಡಿಸೆಂಬರಿನಲ್ಲಿ ಮಗಳ ಎರಡನೆಯ ಬಾಣಂತನಕ್ಕೆಂದು ನಾವು ಗಂಡಹೆಂಡತಿ ಅಮೆರಿಕಕ್ಕೆ ಹೋದೆವು. ಬಾಣಂತನದಲ್ಲಿ ಗಂಡಸಿಗೇನು ಕೆಲಸ? ನನ್ನವಳು ಒಳಗೆ ಓಮದ ನೀರು ಕಾಯಿಸುತ್ತಿದ್ದರೆ ನಾನು ಟೀವಿಯ ಮುಂದೆ ಹನ್ನೊಂದು ವರ್ಷದ ಮೊಮ್ಮಗನ ಪಕ್ಕ ಕೂತು ಬ್ಯಾಸ್ಕೆಟ್‌ಬಾಲ್ ನೋಡುತ್ತಿದ್ದೆ. ಕೊಡಗಿನವನಾದ ನನಗೆ ಹಾಕಿ ಗೊತ್ತು. ಈ ಆಟದಲ್ಲಿ ಆರೂವರೆ ಅಡಿಯ ಆಳುಗಳು ಬುಟ್ಟಿಗೆ ಚೆಂಡು ಹಾಕುವುದಕ್ಕೆ ಇಷ್ಟೊಂದು ಒದ್ದಾಡುವುದೇಕೆಂದು ಮೊದಮೊದಲು ನಗು ಬರುತ್ತಿತ್ತು.

ಮಗಳ ಮನೆ ವರ್ಜೀನಿಯಾದಲ್ಲಿ. ಪೊಟೊಮ್ಯಾಕ್ ಹೊಳೆ ದಾಟಿದರೆ ವಾಷಿಂಗ್ಟನ್. ಅಲ್ಲಿಯ ತಂಡ ವಿಜರ್ಡ್ಸ್, ಅದರ ತಾರೆ ಗಿಲ್ಬರ್ಟ್ ಅರೀನಾಸ್. ಅವನ ಅಂಗಿಯ ನಂಬರು ಸೊನ್ನೆ. ಕಾಲೇಜಿನಲ್ಲಿ ನಿನಗೆ ಆಡಲು ಸಿಗುವುದು ಸೊನ್ನೆ ನಿಮಿಷ ಎಂದು ಯಾರೋ ಹಂಗಿಸಿದ್ದರಂತೆ. ಆ ಸೊನ್ನೆಯನ್ನೇ ಬೆನ್ನಿಗೆ ಅಂಟಿಸಿಕೊಂಡು ಮೇಲೆ ಬಂದ. ನಮ್ಮ ಹುಡುಗ ಆ ಅಂಗಿ ತೊಟ್ಟೇ ಮಲಗುತ್ತಿದ್ದ.

ಈ ತಂಡಕ್ಕೆ ಹಿಂದೆ 'ಬುಲೆಟ್ಸ್' ಎಂಬ ಹೆಸರಿತ್ತು. ನಗರದಲ್ಲಿ ದಿನ ಬೆಳಗಾದರೆ ಗುಂಡೇಟಿನ ಸಾವು. ಅಂಥ ಊರಿನ ತಂಡಕ್ಕೆ ಗುಂಡಿನ ಹೆಸರು ಸಲ್ಲದೆಂದು ಒಡೆಯ ಏಬ್ ಪೋಲಿನ್‌ಗೆ ಬಹಳ ಕಾಲದಿಂದ ಅನ್ನಿಸುತ್ತಿತ್ತು. 1995ರ ನವೆಂಬರಿನಲ್ಲಿ ಅವನ ಸ್ನೇಹಿತ, ಇಸ್ರೇಲಿನ ಪ್ರಧಾನಿ ಇಟ್ಜಾಕ್ ರಬಿನ್ ಗುಂಡಿಗೆ ಬಲಿಯಾದಾಗ ನಿರ್ಧಾರ ಗಟ್ಟಿಯಾಯಿತು. 1997ರಲ್ಲಿ ಬುಲೆಟ್ಸ್ ಹೋಗಿ ವಿಜರ್ಡ್ಸ್ ಬಂತು. ಪೋಲಿನ್ ತೀರಿಕೊಂಡದ್ದು 2009ರ ನವೆಂಬರ್ 24ರಂದು. ಪುಣ್ಯಾತ್ಮ, ಮುಂದಿನದನ್ನು ನೋಡಲಿಲ್ಲ.

ತಿಂಗಳೂ ತುಂಬಿರಲಿಲ್ಲ. ವಿಮಾನದಲ್ಲಿ ಬರುವಾಗ ಇಸ್ಪೀಟಾಟದಲ್ಲಿ ಅರೀನಾಸ್ ಮತ್ತು ಜೊತೆಯಾಟಗಾರ ಜವಾರಿಸ್ ಕ್ರಿಟೆಂಟನ್ ನಡುವೆ ಜಗಳ ಹತ್ತಿತು. ಡಿಸೆಂಬರ್ 21ರಂದು ಅರೀನಾಸ್ ತನ್ನ ನಾಲ್ಕು ಪಿಸ್ತೂಲುಗಳನ್ನು ಬಟ್ಟೆ ಬದಲಿಸುವ ಕೋಣೆಗೆ ತಂದು, ಕ್ರಿಟೆಂಟನ್‌ನ ಕುರ್ಚಿಯ ಮೇಲೆ ಸಾಲಾಗಿ ಇಟ್ಟು, ಒಂದನ್ನು ಆರಿಸಿಕೋ ಎಂದು ಚೀಟಿ ಬರೆದಿಟ್ಟ. ಕ್ರಿಟೆಂಟನ್ ತನ್ನದೇ ಒಂದನ್ನು ಹೊರತೆಗೆದ. ಅರೀನಾಸನ ಯಾವುದರಲ್ಲೂ ಗುಂಡು ಇರಲಿಲ್ಲ. ಮನೆಯಲ್ಲಿ ಚಿಕ್ಕ ಮಕ್ಕಳಿವೆಯೆಂದು ಅವನ್ನು ಅಲ್ಲಿಗೆ ಸಾಗಿಸಿದ್ದೆ, ಮಿಕ್ಕಿದ್ದೆಲ್ಲ ತಮಾಷೆ ಎಂದು ಅವನ ಸಮಜಾಯಿಷಿ.

"ಗುಂಡೇ ಇರಲಿಲ್ಲವಲ್ಲ ಅಜ್ಜ, ತಮಾಷೆ ತಾನೆ?" ಎಂದು ಮೊಮ್ಮಗ ಕೇಳಿದ. ಅವನ ಅಪ್ಪ ಅಮ್ಮ ಇಬ್ಬರೂ ನನ್ನ ಮುಖ ನೋಡಿದರು. ಹಿರಿಯ, ಬುದ್ಧಿ ಹೇಳಲಿ ಎಂದು. ನನಗೆ ಬಾಯಿ ಬರಲಿಲ್ಲ.

ಯಾಕೆಂದರೆ, ನಮ್ಮ ಮನೆಯ ಗೋಡೆಯ ಮೇಲೂ ಕೋವಿಯಿದೆ. ಬ್ರಿಟಿಷರ ಕಾಲದಿಂದ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನ ವಿನಾಯಿತಿ; 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿದೆ. ಸೆಪ್ಟೆಂಬರಿನ ಕೈಲ್ ಮುಹೂರ್ತದಲ್ಲಿ ನಳಿಗೆಗೆ ತೋಕ್ ಪೂ ಸಿಕ್ಕಿಸಿ ಪೂಜೆ ಮಾಡುತ್ತೇವೆ. ನನಗೆ ಹನ್ನೆರಡು ವರ್ಷವಿದ್ದಾಗ ಅಂಥದೊಂದು ಹಬ್ಬದ ಹಿಂದಿನ ದಿನ ಅಪ್ಪ ಕೋವಿ ಒರೆಸಿ ಜಗಲಿಯಲ್ಲಿಟ್ಟು ಒಳಗೆ ಹೋಗಿದ್ದರು. ಅಂಗಳದಲ್ಲಿ ತಮ್ಮ ಅಂಬೆಗಾಲಿಕ್ಕುವವನ ಹಾಗೆ ಓಡಾಡುತ್ತ ಹಂದಿಯ ಆಟ ಆಡುತ್ತಿದ್ದ. ನಾನು ಕೋವಿಯೆತ್ತಿ ಗುರಿಯಿಟ್ಟು ಕುದುರೆ ಎಳೆದೆ. ಟಿಕ್ ಅಂದಿತು, ಅಷ್ಟೆ. ಬಾಗಿಲಲ್ಲಿ ಅಪ್ಪ ನಿಂತಿದ್ದರು. ಹೊಡೆಯಲಿಲ್ಲ. ಕೋವಿಯನ್ನು ಕಸಿದು, ಬಾಯಿ ತೆರೆದು, ಬೆಳಕಿಗೆ ಹಿಡಿದು ನೋಡಿದರು. ಗದ್ದೆಗೆ ಹಂದಿ ಇಳಿಯುತ್ತಿದ್ದ ಕಾಲ. ರಾತ್ರಿ ಕಾವಲಿಗೆ ತುಂಬಿಸಿದ್ದ ತೋಟೆಯನ್ನು ಬೆಳಿಗ್ಗೆ ತೆಗೆದಿದ್ದೆನೋ ಇಲ್ಲವೋ ಎಂಬುದು ಅವರಿಗೆ ಆ ಗಳಿಗೆಯಲ್ಲಿ ನೆನಪಿರಲಿಲ್ಲ. ಅವರ ಕೈ ನಡುಗುವುದನ್ನು ನಾನು ನೋಡಿದ್ದು ಅದೊಂದೇ ಸಲ. ತಮ್ಮ ಈಗಲೂ ಇದ್ದಾನೆ, ಕಾಫಿ ಧಾರಣೆಯ ಬಗ್ಗೆ ಗೊಣಗುತ್ತಾನೆ.

ಇದನ್ನು ಮೊಮ್ಮಗನಿಗೆ ಅಂದು ಹೇಳಲಿಲ್ಲ.

ಜನವರಿ 5ರಂದು ಫಿಲಡೆಲ್ಫಿಯಾದಲ್ಲಿ ಆಟ ಶುರುವಾಗುವ ಮುನ್ನ ಅರೀನಾಸ್ ಎರಡೂ ಕೈಯ ಬೆರಳುಗಳನ್ನು ಪಿಸ್ತೂಲು ಮಾಡಿ ಜೊತೆಗಾರರತ್ತ ಗುಂಡು ಹಾರಿಸುವ ಅಭಿನಯ ಮಾಡಿದ. ಸುತ್ತ ನಿಂತವರು ನಕ್ಕರು. ಎನ್‌ಬಿಎ ಮುಖ್ಯಸ್ಥ ಡೇವಿಡ್ ಸ್ಟರ್ನ್ ನಗಲಿಲ್ಲ. ಮರುದಿನವೇ ಅವನನ್ನು ಹೊರಗಿಟ್ಟರು. ಆ ಋತುವಿನ 50 ಪಂದ್ಯ ಅರೀನಾಸನಿಗೆ, 38 ಕ್ರಿಟೆಂಟನ್‌ಗೆ ಹೋದವು. ಕ್ರೀಡಾಂಗಣದ ಹೊರಗೆ ತೂಗುತ್ತಿದ್ದ ಅವನ ದೊಡ್ಡ ಚಿತ್ರವನ್ನು ಇಳಿಸಿದರು. ನಮ್ಮ ಮನೆಯಲ್ಲೂ ಸೊನ್ನೆಯ ಅಂಗಿ ಬೀರುವಿನ ತಳಕ್ಕೆ ಹೋಯಿತು.

ಅಳಿಯ ಹೊಳೆಯ ಆಚೆ ಈಚೆಯ ಕಾನೂನು ವಿವರಿಸುತ್ತಿದ್ದ. ವಾಷಿಂಗ್ಟನ್ನಿನಲ್ಲಿ ಪಿಸ್ತೂಲಿಗೆ ದಶಕಗಳ ನಿಷೇಧವಿತ್ತು; ಮನೆಯಲ್ಲಿ ಆತ್ಮರಕ್ಷಣೆಗೆ ಇಟ್ಟುಕೊಳ್ಳುವುದು ಸಂವಿಧಾನದ ಎರಡನೆಯ ತಿದ್ದುಪಡಿ ಕೊಟ್ಟ ಹಕ್ಕು ಎಂದು 2008ರಲ್ಲಿ ಸುಪ್ರೀಂ ಕೋರ್ಟು ಐದಕ್ಕೆ ನಾಲ್ಕರಂತೆ ಅದನ್ನು ತಳ್ಳಿಹಾಕಿತು. ಆದರೆ ಲೈಸೆನ್ಸಿಲ್ಲದೆ ಹೊರಗೆ ಒಯ್ಯುವುದು ಅಪರಾಧವಾಗಿಯೇ ಉಳಿದಿತ್ತು. ಅರೀನಾಸ್ ಸಿಕ್ಕಿಬಿದ್ದದ್ದು ಅಲ್ಲಿ. ಆಟಗಾರರ ಅಂಜಿಕೆ ಸುಳ್ಳಲ್ಲ. 1993ರಲ್ಲಿ ಮೈಕೆಲ್ ಜೋರ್ಡಾನ್‌ನ ತಂದೆಯನ್ನು ರಸ್ತೆಬದಿಯಲ್ಲಿ ಕೊಂದರು. 2007ರಲ್ಲಿ ಆಂಟೊಯಿನ್ ವಾಕರ್, ಎಡ್ಡಿ ಕರಿ ಎಂಬ ಇಬ್ಬರು ಆಟಗಾರರ ಮನೆಗೆ ಒಂದೇ ತಿಂಗಳಲ್ಲಿ ಬಂದೂಕು ಹಿಡಿದ ಕಳ್ಳರು ನುಗ್ಗಿದರು. ಇದ್ದಕ್ಕಿದ್ದಂತೆ ದುಡ್ಡು ಕಂಡ ಹುಡುಗರು. ಕೈಯಲ್ಲೊಂದು ಇರಲಿ ಅಂದುಕೊಳ್ಳುತ್ತಾರೆ. ಕಾರ್ಲ್ ಮಲೋನ್‌ನಂಥ ಹಳೆಯ ಹುಲಿ ಬೇಟೆಗಾರ, ಬಂದೂಕಿನ ಹಕ್ಕಿನ ಪರ. ಅವನ ಮಾತು ನಮ್ಮೂರ ಹಿರಿಯರಿಗೆ ಸಲೀಸಾಗಿ ಅರ್ಥವಾದೀತು.

ಕ್ರಿಟೆಂಟನ್ನದು ಬೇರೆ ಕಥೆಯಾಯಿತು. 2011ರಲ್ಲಿ ಅಟ್ಲಾಂಟಾದ ಬೀದಿಯಲ್ಲಿ ಅವನು ಹಾರಿಸಿದ ಗುಂಡು ನಾಲ್ಕು ಮಕ್ಕಳ ತಾಯಿಯೊಬ್ಬಳಿಗೆ ತಗುಲಿತು. ಅವಳಿಗೂ ಅವನಿಗೂ ಯಾವ ಜಗಳವೂ ಇರಲಿಲ್ಲ. 2015ರಲ್ಲಿ 23 ವರ್ಷದ ಶಿಕ್ಷೆಯಾಯಿತು, 2023ರಲ್ಲಿ ಬಿಡುಗಡೆಯಾದ.

ನನಗೆ ಆ ಚಳಿಗಾಲದಲ್ಲಿ ಕಸಿವಿಸಿ ತಂದದ್ದು ಮಗಳ ಒಂದು ಅಭ್ಯಾಸ. ಹುಡುಗ ಯಾರ ಮನೆಗೆ ಆಡಲು ಹೊರಟರೂ ಮೊದಲು ಫೋನು ಮಾಡಿ, ನಿಮ್ಮಲ್ಲಿ ಬಂದೂಕಿದೆಯೇ, ಇದ್ದರೆ ಬೀಗ ಹಾಕಿದ್ದೀರಾ ಎಂದು ಕೇಳುತ್ತಿದ್ದಳು. ಮರ್ಯಾದಸ್ಥರ ಮನೆಗೆ ಕೇಳುವ ಮಾತೇ ಇದು ಎಂದು ಗದರಿದೆ. "ಇಲ್ಲಿ ಕೇಳ್ತಾರೆ ಅಪ್ಪಾ" ಎಂದಳು.

2022ರ ಮೇ 24ರಂದು ಟೆಕ್ಸಾಸಿನ ಉವಾಲ್ಡೆ ಶಾಲೆಯಲ್ಲಿ 19 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತರು. ಅಂದು ಡಲ್ಲಾಸಿನಲ್ಲಿ ಪಂದ್ಯಕ್ಕೆ ಮುನ್ನ ಕೋಚ್ ಸ್ಟೀವ್ ಕರ್ ಆಟದ ಮಾತೇ ಬೇಡವೆಂದ. ಕೆಳಮನೆ ಒಪ್ಪಿದ, ಬಂದೂಕು ಕೊಳ್ಳುವವರ ಹಿನ್ನೆಲೆ ತಪಾಸಣೆಯ ಮಸೂದೆಗೆ ಸೆನೆಟ್ಟಿನಲ್ಲಿ ಮತ ಹಾಕದವರನ್ನು ಝಾಡಿಸಿ, ಮೇಜು ಗುದ್ದಿ ಎದ್ದುಹೋದ. ಅವನ ತಂದೆ, ಬೇರೂತಿನ ಅಮೆರಿಕನ್ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದವರು, 1984ರಲ್ಲಿ ಗುಂಡಿಗೆ ಬಲಿಯಾಗಿದ್ದರು. ಸ್ಟೀವ್‌ಗೆ ಆಗ ಹದಿನೆಂಟು. ಆ ವೀಡಿಯೊವನ್ನು ನನಗೆ ಕಳಿಸಿದವನು ಮೊಮ್ಮಗ, ಅವನೀಗ ದೊಡ್ಡವನು.

ಆ ಜುಲೈಯಲ್ಲಿ ಅವರೆಲ್ಲ ರಜೆಗೆ ಊರಿಗೆ ಬರುವವರಿದ್ದರು. ಬಾಣಂತನದ ಆ ಕೂಸಿಗೆ ಆಗ ಹನ್ನೆರಡು. ಹೊರಡುವ ವಾರದ ಮೊದಲು ಮಗಳು ಫೋನು ಮಾಡಿದಳು. ಮಳೆ, ಜಿಗಣೆ, ಉಪ್ಪಿನಕಾಯಿ ಎಲ್ಲ ಆದಮೇಲೆ ಸ್ವಲ್ಪ ತಡೆದು, "ಅಪ್ಪಾ, ಕೋವಿ ಎಲ್ಲಿಟ್ಟಿದ್ದೀರಿ?" ಎಂದಳು.

ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ಈ ಮನೆಯಲ್ಲಿ ಹುಟ್ಟಿದವಳು, ಆ ಗೋಡೆ ನೋಡಿ ಬೆಳೆದವಳು. ಎಲ್ಲಿ ಇರುತ್ತೋ ಅಲ್ಲೇ ಇದೆ ಎನ್ನಬೇಕೆಂದಿದ್ದೆ. ಅಷ್ಟರಲ್ಲಿ ಕಿವಿಯಲ್ಲಿ ಟಿಕ್ ಅಂದ ಹಾಗಾಯಿತು.

"ಬೀರುವಿನಲ್ಲಿ ಇಡ್ತೇನೆ. ಬೀಗದ ಕೈ ಅಮ್ಮನ ಹತ್ತಿರ ಇರುತ್ತೆ," ಎಂದೆ.

"ತೋಟೆ?"

"ಅದು ಬೇರೆ ಕಡೆ."

ಮರುದಿನ ಬಡಗಿಯನ್ನು ಕರೆಸಿದೆ. ನಮ್ಮ ಬೀರುವಿಗೆ ಕೋವಿಯ ಉದ್ದ ಸಾಲುತ್ತಿರಲಿಲ್ಲ.