ಮೊಹಾವಿ ಏರಿನಲ್ಲಿ ಹಳೆ ಮೋಟಾರ್‌ಹೋಮ್

ಬೇಕರ್ ಎಂಬ ಪುಟ್ಟ ಊರು ಹಿಂದೆ ಬಿದ್ದ ಕೂಡಲೇ ಹೆದ್ದಾರಿ ಏರತೊಡಗುತ್ತದೆ. ಪಕ್ಕದಲ್ಲೊಂದು ಫಲಕ: ಎಂಜಿನ್ ಕಾಯದಂತೆ ಎಸಿ ಆರಿಸಿ. ಹೊರಗೆ 44 ಡಿಗ್ರಿ. ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯ ನಟ್ಟನಡುವೆ ಇಂಥ ಬುದ್ಧಿಮಾತು!

“ಗಾಡಿಗೆ ಬ್ಯಾರೆ, ನಮಗ ಬ್ಯಾರೆ ಥಂಡಿ ಇರಂಗಿಲ್ಲಣ್ಣ. ಇರೋದು ಒಂದ, ಹಂಚ್ಕೋಬೇಕು” ಎನ್ನುತ್ತ ನನ್ನ ತಮ್ಮ ಎಸಿಯ ಗುಂಡಿ ತಿರುಗಿಸಿದ.

ರಿವರ್‌ಸೈಡಿನಿಂದ ಲಾಸ್ ವೇಗಸ್, ಅಲ್ಲಿಂದ ಯೂಟಾದ ಝಯಾನ್ ಕಣಿವೆ. ಇದು ನಮ್ಮ ದಾರಿ. ಗಾಡಿ 1980ರ ದಶಕದ್ದು. ಮುಂದೆ ವ್ಯಾನಿನ ಮೂತಿ, ಹಿಂದೆ ಹಾಸಿಗೆ, ಒಲೆ, ಬಚ್ಚಲು ಎಲ್ಲ ಇರುವ ಡಬ್ಬದಂಥ ಮನೆ. ಏಳೂವರೆ ಲೀಟರಿನ, ಎಂಟು ಸಿಲಿಂಡರಿನ ಎಂಜಿನ್ನಿನ ಅರ್ಧ ಭಾಗ ಡ್ರೈವರನಿಗೂ ಪಕ್ಕದವನಿಗೂ ನಡುವೆ, ಒಂದು ಮುಚ್ಚಳದ ಕೆಳಗೆ ಕೂತಿರುತ್ತದೆ. ಲೀಟರಿಗೆ ಮೂರು ಕಿಲೋಮೀಟರ್ ಕೊಟ್ಟರೆ ಪುಣ್ಯ. ಸುಟ್ಟ ಪೆಟ್ರೋಲಿನಲ್ಲಿ ಚಕ್ರ ತಿರುಗಿಸಲು ಒದಗುವುದು ಕಾಲು ಭಾಗದಷ್ಟು. ಮಿಕ್ಕಿದ್ದೆಲ್ಲ ಕಾವಾಗಿ ಹೊಗೆಕೊಳವೆಯಿಂದಲೋ ರೇಡಿಯೇಟರಿನಿಂದಲೋ ಹೊರಹೋಗಬೇಕು. ಅದರಲ್ಲೊಂದಿಷ್ಟು ಆ ಮುಚ್ಚಳದ ಮೂಲಕ ನನ್ನ ಎಡ ಮೊಣಕಾಲಿಗೆ ಬರುತ್ತಿತ್ತು.

ರಾಯಚೂರಿನವನಿಗೆ ಬಿಸಿಲಿನ ಅಂಜಿಕೆ ತೋರಿಸಬೇಡ ಎಂದು ಹೊರಡುವಾಗ ತಮ್ಮನಿಗೆ ಹೇಳಿದ್ದೆ. ಆದರೆ ಊರಿನ ಬಿಸಿಲಿನಲ್ಲಿ ನಾವು ನೆರಳಿಗೆ ಸರಿಯುತ್ತೇವೆ. ಇಲ್ಲಿ ಬೆಂಕಿಯನ್ನೇ ಪಕ್ಕದಲ್ಲಿ ಕೂಡಿಸಿಕೊಂಡು ಬಿಸಿಲೊಳಗೆ ಹೊರಟಿದ್ದೆವು.

ಬೆಳಗಿನ ಜಾವ ಬಿಡಬೇಕೆಂದಿದ್ದ ಗಾಡಿ, ಮಗುವಿನ ಹಾಲು, ಮರೆತ ಚಾರ್ಜರು, ಮತ್ತೊಂದು ಮಗದೊಂದು ಆಗಿ, ಬಾರ್‌ಸ್ಟೋ ತಲುಪುವಾಗ ಊಟದ ಹೊತ್ತು. ಅಲ್ಲಿ ತಮ್ಮ ಬಾನೆಟ್ ಎತ್ತಿ ಹೋಸ್ ಪೈಪುಗಳನ್ನು ಹಿಸುಕಿ ನೋಡಿದ, ಬೆಲ್ಟ್ ಒತ್ತಿ ನೋಡಿದ, ಕೂಲೆಂಟ್ ಡಬ್ಬಿಯ ಗೆರೆ ನೋಡಿದ. ಟೈರುಗಳ ಗಾಳಿಯನ್ನು ಮಾತ್ರ ಮುಟ್ಟಲಿಲ್ಲ. ಓಡಿ ಕಾದ ಟೈರಿನಲ್ಲಿ ಒತ್ತಡ ಏರಿರುವುದು ಸಹಜ. ಆಗ ಗಾಳಿ ಬಿಟ್ಟರೆ ತಣ್ಣಗಾದ ಮೇಲೆ ಕಡಿಮೆ ಬಿದ್ದು, ಟೈರು ಮತ್ತಷ್ಟು ಬಳುಕಿ, ಮತ್ತಷ್ಟು ಕಾಯುತ್ತದೆ.

ಹಳೆಯ ರೂಟ್ 66 ಹಾದುಹೋದ ಊರು ಬಾರ್‌ಸ್ಟೋ. ಎಸಿ ಇಲ್ಲದ ಕಾಲದಲ್ಲಿ ಈ ದಾರಿ ಹಿಡಿದವರು ಕಾರಿನ ಮೂತಿಗೆ ಕ್ಯಾನ್ವಾಸಿನ ನೀರುಚೀಲ ತೂಗಹಾಕುತ್ತಿದ್ದರು. ಬಟ್ಟೆಯಲ್ಲಿ ಜಿನುಗಿದ ನೀರು ಆರುತ್ತ ಒಳಗಿನ ನೀರನ್ನು ತಣ್ಣಗಿಡುತ್ತಿತ್ತು. ಕಿಟಕಿಗೆ ಸಿಕ್ಕಿಸುವ ಕೊಳವೆಯಂಥ ಕೂಲರುಗಳೂ ಇದ್ದವು: ಓಡುವಾಗ ನುಗ್ಗುವ ಗಾಳಿ ಒಳಗಿನ ಒದ್ದೆ ಮೆತ್ತೆಯನ್ನು ಹಾಯ್ದು ತಂಪಾಗಿ ಮುಖಕ್ಕೆ ಬರುತ್ತಿತ್ತು. ನಮ್ಮೂರಿನಲ್ಲಿ ಬೇಸಿಗೆ ಬಂತೆಂದರೆ ಹುಲ್ಲು ಬದಲಿಸಿ ನೀರು ತುಂಬುವ ಕೂಲರಿನದೇ ವಿದ್ಯೆ. ಒಣ ಗಾಳಿಯಿದ್ದಲ್ಲಿ ಮಾತ್ರ ಅದು ನಡೆಯುತ್ತದೆ. ಮಂಗಳೂರಿಗೆ ಒಯ್ದರೆ ಸೆಕೆಯ ಮೇಲೆ ಇನ್ನಷ್ಟು ಹಬೆ. ಮೊಹಾವಿ ಈ ವಿಷಯದಲ್ಲಿ ರಾಯಚೂರಿಗೂ ಒಂದು ಕೈ ಮೇಲು. ಒದ್ದೆ ಟವೆಲ್ ಕುತ್ತಿಗೆಗೆ ಸುತ್ತಿಕೊಂಡರೆ ಸುಖ, ಆದರೆ ತುಸು ಹೊತ್ತಿಗೇ ಅದು ಹಪ್ಪಳ.

ಬೇಕರಿನಲ್ಲಿ 134 ಅಡಿ ಎತ್ತರದ ಉಷ್ಣಮಾಪಕ ನಿಂತಿದೆ. 1913ರ ಜುಲೈ 10ರಂದು ಇಲ್ಲಿಗೆ ಉತ್ತರದ ಡೆತ್ ವ್ಯಾಲಿಯಲ್ಲಿ ದಾಖಲಾದ 134 ಡಿಗ್ರಿ ಫ್ಯಾರನ್‌ಹೀಟಿನ, ಅಂದರೆ 56.7 ಸೆಲ್ಸಿಯಸ್ಸಿನ ನೆನಪಿಗೆ ಅಷ್ಟುದ್ದ. ಜನ ಅದರ ಕೆಳಗೆ ನಿಂತು ನಗುತ್ತ ಫೋಟೊ ತೆಗೆಸಿಕೊಳ್ಳುತ್ತಾರೆ. ನಾವು ಐಸ್ ಕೊಂಡು ಹೊರಟೆವು.

ಆಮೇಲೆಯೇ ಆ ಫಲಕ, ಆ ಏರು. ಮೂವತ್ತು ಕಿಲೋಮೀಟರೊಳಗೆ ಸುಮಾರು ಮೂರು ಸಾವಿರ ಅಡಿ ಎತ್ತುತ್ತದೆ ಹ್ಯಾಲೊರನ್ ಸಮಿಟ್. ಕಣ್ಣಿಗೆ ಅದು ಏರೆಂದೇ ಅನ್ನಿಸುವುದಿಲ್ಲ. ನೇರ, ಅಗಲ, ಕೊನೆಯಿಲ್ಲದ ರಸ್ತೆ. ಕಡಿದಾದ ಘಾಟಿಯಾದರೆ ತಿರುವಿನಲ್ಲಿ ಎಂಜಿನ್ ಉಸಿರು ಬಿಡುತ್ತದೆ. ಇಲ್ಲಿ ಆ ಬಿಡುವಿಲ್ಲ.

ಎಸಿ ಆರಿಸುವುದಕ್ಕೆ ಕಾರಣ ಎರಡು. ಅದರ ಕಂಪ್ರೆಸರ್ ತಿರುಗುವುದೇ ಎಂಜಿನ್ನಿನ ಬೆಲ್ಟಿನಿಂದ. ನಮ್ಮಿಂದ ಕಿತ್ತ ಬಿಸಿಯನ್ನು ಅದು ಚೆಲ್ಲುವುದು ರೇಡಿಯೇಟರಿನ ಮುಂದಿರುವ ಜಾಲರಿಯಲ್ಲಿ. ಹಾಗಾಗಿ ರೇಡಿಯೇಟರಿಗೆ ಸಿಗುವುದು ಆಗಲೇ ಕಾದ ಗಾಳಿ. ತಮ್ಮನ ಗಾಡಿಯ ಎಸಿಯಂತೂ ಆರ್-12 ಅನಿಲಕ್ಕೆಂದು ಮಾಡಿದ್ದು. ಓಝೋನ್ ಪದರಕ್ಕೆ ಕೇಡೆಂದು ಅಮೆರಿಕದಲ್ಲಿ ಆ ಅನಿಲದ ತಯಾರಿಕೆ 1995ರ ಕೊನೆಗೆ ನಿಂತುಹೋಯಿತು. ಈಗ ತುಂಬಿರುವುದು ಆರ್-134ಎ, ತಂಪು ತುಸು ಕಡಿಮೆಯೇ.

ಎಂಜಿನ್ನಿನ ಕಾವು ತೋರಿಸುವ ಮುಳ್ಳು ನಡುಗೆರೆ ದಾಟಿತು. ತಮ್ಮ ಗೇರು ಇಳಿಸಿ ವೇಗ 70 ಕಿಲೋಮೀಟರಿಗೆ ತಂದ. ಎಂಜಿನ್ ಜೋರಾಗಿ ತಿರುಗಿದರೆ ನೀರಿನ ಪಂಪೂ ಫ್ಯಾನೂ ಜೋರಾಗಿ ತಿರುಗುತ್ತವೆ. ಅಷ್ಟರಲ್ಲಿ ಮುಂದಿನಿಂದ ಭೋರೆಂಬ ಸದ್ದು ಎದ್ದಿತು. ನಾನು ಬೆದರಿದೆ, ಅವನ ಮುಖ ಅರಳಿತು. ಫ್ಯಾನಿನ ಕ್ಲಚ್ಚಿನಲ್ಲಿ ಎರಡು ಲೋಹಗಳನ್ನು ಬೆಸೆದ ಸುರುಳಿಯೊಂದಿದೆ. ರೇಡಿಯೇಟರಿನಿಂದ ಬರುವ ಗಾಳಿ ಕಾದಾಗ ಅದು ಬಿಚ್ಚಿಕೊಂಡು ಒಳಗಿನ ಸಿಲಿಕೋನ್ ಎಣ್ಣೆಗೆ ದಾರಿ ಬಿಡುತ್ತದೆ, ಆಗ ಫ್ಯಾನು ಎಂಜಿನ್ನಿಗೆ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಹಳೆ ಗಾಡಿ ಏರಿನಲ್ಲಿ ಭೋರ್ಗರೆಯದಿದ್ದರೇ ಚಿಂತೆ ಮಾಡಬೇಕಂತೆ.

ಆದರೂ ಮುಳ್ಳು ಇಳಿಯಲಿಲ್ಲ.

“ಅಣ್ಣ, ಕಿಟಕಿ ಪೂರಾ ಇಳಸು. ಹೀಟರ್ ಹಾಕ್ತೀನಿ.”

“ಏನ್ ಹಾಕ್ತಿ?”

ಹೀಟರ್! ಎಂಜಿನ್ನಿನ ಕುದಿನೀರು ಹರಿಯುವ ಇನ್ನೊಂದು ಚಿಕ್ಕ ರೇಡಿಯೇಟರ್ ಅದು, ಬಾಯಿ ನಮ್ಮ ಕಾಲಿನ ಕಡೆ. ಎಂಜಿನ್ನಿನ ಕಾವನ್ನು ಪಾಲು ಹಂಚಿಕೊಳ್ಳುವುದು ಎಂದರೆ ಇದು. ಚಪ್ಪಲಿಯೊಳಗಿನ ಬೆರಳು ಹುರಿದುಹೋಯಿತು. ಟವೆಲ್ಲಿಗೆ ಸುರಿದ ಐಸಿನ ನೀರು ಮೈಮೇಲೆ ಆರುವ ತನಕ ತಂಪು, ಆಮೇಲೆ ಒಲೆಯ ಬಾಯಿ. ಆದರೆ ಮುಳ್ಳು ಇಳಿಯಿತು, ಕಣ್ಣೆದುರಿಗೇ, ನಡುಗೆರೆಗೆ.

ಹಿಂದಿನ ಮನೆಯಲ್ಲಿ ತಮ್ಮನ ಹೆಂಡತಿ, ಮಗು ಆರಾಮವಾಗಿದ್ದರು. ನಮ್ಮ ಸೀಟುಗಳ ಬೆನ್ನಿಗೆ ಅವಳು ದಪ್ಪ ಪರದೆ ಎಳೆದಿದ್ದಳು, ಕಿಟಕಿಗಳಿಗೆ ಬೆಳ್ಳಿ ಹಾಳೆ ಹಚ್ಚಿದ್ದಳು, ಜನರೇಟರ್ ಹಾಕಿ ಸೂರಿನ ಎಸಿ ಓಡಿಸಿದ್ದಳು. ಜನರೇಟರ್ ಗಂಟೆಗೆ ಲೀಟರೆರಡು ಪೆಟ್ರೋಲ್ ಕುಡಿಯುತ್ತದೆ ನಿಜ. ಆದರೆ ಸೂರಿನ ಎಸಿ ಬಿಸಿ ಚೆಲ್ಲುವುದು ಸೂರಿನ ಮೇಲೆ, ರೇಡಿಯೇಟರಿನ ಗೊಡವೆಗೆ ಅದು ಬರುವುದಿಲ್ಲ. ಇಡೀ ಗಾಡಿಯಲ್ಲಿ ನನಗೆ ಮೆಚ್ಚಿಗೆಯಾದ ಏರ್ಪಾಡು ಆ ಪರದೆ. ಅದಕ್ಕೆ ಖರ್ಚಾಗಿದ್ದು ಒಂದು ಹಳೆ ದುಪ್ಪಟಿ.

ಹ್ಯಾಲೊರನ್ ನೆತ್ತಿಯಲ್ಲಿ ನಿಂತೆವು. ತಮ್ಮ ಎಂಜಿನ್ ಆರಿಸಲಿಲ್ಲ. ಆರಿಸಿದರೆ ಪಂಪು ನಿಂತು, ಕಾದ ಲೋಹದ ಸುತ್ತ ನೀರೂ ನಿಂತಲ್ಲೇ ಕುದಿಯುತ್ತದೆ. ರೇಡಿಯೇಟರಿನ ಮುಚ್ಚಳದ ಹತ್ತಿರ ನನ್ನ ಕೈ ಹೋದದ್ದಕ್ಕೇ ಗದರಿದ. ಒತ್ತಡದಲ್ಲಿರುವ ಕೂಲೆಂಟ್ ನೂರು ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ, ಮುಚ್ಚಳ ಸಡಿಲಿಸಿದ ಕ್ಷಣ ಹಬೆಯಾಗಿ ಮುಖಕ್ಕೆ ಎಗರುತ್ತದೆ.

ಅಲ್ಲಿಂದ ಒಂದು ತಗ್ಗು, ಮತ್ತೊಂದು ಏರು. 4,700 ಅಡಿಗೂ ಮೇಲಿನ ಮೌಂಟನ್ ಪಾಸ್. ವಿದ್ಯುತ್ ಕಾರುಗಳ ಮೋಟಾರಿಗೆ ಬೇಕಾದ ಅಯಸ್ಕಾಂತಗಳ ಖನಿಜ ತೆಗೆಯುವ ಹೆಸರಾಂತ ಗಣಿ ರಸ್ತೆಯ ಪಕ್ಕದಲ್ಲೇ ಇದೆ. ನಮ್ಮ ಪೆಟ್ರೋಲ್ ಗಾಡಿ ಅದರೆದುರು ಏದುತ್ತ ಹಾದುಹೋಯಿತು. ಆಚೆಗಿನ ಇಳಿಜಾರಿನಲ್ಲಿ ಎಂಜಿನ್ ತಣ್ಣಗಾಯಿತು, ಈಗ ಕಾಯುವ ಸರದಿ ಬ್ರೇಕಿನದು. ತಮ್ಮ ಎರಡನೇ ಗೇರಿನಲ್ಲೇ ಇಳಿಸಿದ, ಬ್ರೇಕನ್ನು ಒತ್ತಿ ಹಿಡಿಯದೆ ಆಗೀಗ ಗಟ್ಟಿಯಾಗಿ ತುಳಿದು ಬಿಟ್ಟ. ಕೆಳಗೆ ಐವನ್‌ಪಾ ಬಯಲಿನಲ್ಲಿ ಸೌರಸ್ಥಾವರದ ಮೂರು ಗೋಪುರಗಳು, ಸುತ್ತ ಲಕ್ಷಗಟ್ಟಲೆ ಕನ್ನಡಿಗಳು. ಇದೇ ಬಿಸಿಲಿನಿಂದ ನೀರು ಕುದಿಸಲು ಕಟ್ಟಿದ್ದು. ನಮ್ಮ ನೀರು ಕುದಿಯದಿದ್ದರೆ ಸಾಕೆಂದು ನಾವು.

ವೇಗಸ್ಸಿನ ಕ್ಯಾಂಪಿನಲ್ಲಿ ಪ್ಲಗ್ ಚುಚ್ಚಿದ ಮೇಲೂ ಪೂರ್ತಿ ಸುಖ ಸಿಗಲಿಲ್ಲ. ಸೂರಿನ ಎಸಿ ಎಳೆದುಕೊಂಡ ಗಾಳಿಗಿಂತ ಹತ್ತು ಹನ್ನೊಂದು ಡಿಗ್ರಿ ತಣ್ಣನೆಯದನ್ನು ಬಿಡುತ್ತದೆ, ತೆಳು ಗೋಡೆಗಳು ಅದನ್ನು ಹಿಡಿದಿಡುವುದಿಲ್ಲ. ಗ್ಯಾಸಿನ ಉರಿಯಿಂದ ನಡೆಯುವ ಫ್ರಿಜ್ಜು ದಾರಿಯುದ್ದಕ್ಕೂ ಸೋತು, ಮೊಸರು ಹುಳಿಯಾಗಿತ್ತು.

ತಮ್ಮ ಫೋನಿನಲ್ಲಿ ದೊಡ್ಡ ಅಲ್ಯೂಮಿನಿಯಂ ರೇಡಿಯೇಟರುಗಳ ಬೆಲೆ ನೋಡತೊಡಗಿದ. ನನಗೆ ಅದು ಅಷ್ಟು ಸರಿ ಕಾಣಲಿಲ್ಲ. ಸ್ಟೈನ್‌ಬೆಕ್ಕನ ‘ದಿ ಗ್ರೇಪ್ಸ್ ಆಫ್ ರಾತ್’ ಕಾದಂಬರಿಯ ಬಡ ಕುಟುಂಬ ತನ್ನ ಲಟಾರಿ ಗಾಡಿಯಲ್ಲಿ ಈ ಮರುಭೂಮಿಯನ್ನು ದಾಟುವುದು ರಾತ್ರಿಯಲ್ಲಿ. ಜುಲೈಯ ವೇಗಸ್ಸಿನಲ್ಲಿ ನಸುಕಿಗೂ 30 ಡಿಗ್ರಿಯಿರುವ ದಿನಗಳುಂಟು. ಇರಲಿ, ಮಧ್ಯಾಹ್ನಕ್ಕಿಂತ ಅದು ಹದಿನಾಲ್ಕು ಡಿಗ್ರಿ ಕಡಿಮೆ. ಮುಂದೆ ವರ್ಜಿನ್ ನದಿಯ ಕಮರಿಯಲ್ಲಿ ಇನ್ನೊಂದು ಏರು ಬೇರೆ ಕಾದಿತ್ತು.

“ಮೂರಕ್ಕ ಬಿಡೋಣು” ಎಂದೆ.

“ಮೂರಕ್ಕ ಯಾರ್ ಏಳ್ತಾರಣ್ಣ?”

“ನೀವೇಳಬ್ಯಾಡ್ರಿ. ಗಾಡಿ ನಾ ಹೊಡೀತೀನಿ, ನೀವು ಹಿಂದ ಪರದೆ ಆಕಡೆ ಮಲಗ್ರಿ” ಎಂದಳು ಅವನ ಹೆಂಡತಿ. ನನ್ನ ಕಡೆ ತಿರುಗಿ, “ಭಾವಾ, ನೀವು ಮುಂದ ಕೂಡ್ರಿ. ಹೀಟರ್ ಹಾಕಂಗಿಲ್ಲ” ಎಂದಳು.